ಪಾಲಿನ ದಾವೆ: ಪಹಣಿಯಿಂದ ಪೋಡಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಆಸ್ತಿ ವ್ಯಾಜ್ಯವೆಂದರೆ ಹೆಚ್ಚಾಗಿ ಮನೆಯೊಳಗಿನ ವ್ಯಾಜ್ಯವೇ ಆಗಿರುತ್ತದೆ. ತಂದೆ ತೀರಿಕೊಂಡ ಮೇಲೆ ಅಣ್ಣನ ಹೆಸರಿಗೆ ಖಾತೆಯಾಗಿರುತ್ತದೆ, ಮದುವೆಯಾಗಿ ಹೋದ ತಂಗಿಗೆ ಅದು ಎಷ್ಟೋ ವರ್ಷಗಳ ನಂತರ ತಿಳಿಯುತ್ತದೆ. ಅಷ್ಟರಲ್ಲಿ ನಾಲೆಯ ಕೆಳಗಿನ ಗದ್ದೆಯಲ್ಲಿ ಒಂದಿಷ್ಟು ಗುಂಟೆ ಬೇರೆಯವರಿಗೆ ಕ್ರಯವಾಗಿರುತ್ತದೆ. ಇಂಥ ದಾವೆಗಳ ಸೋಲು ಗೆಲುವು ವಕೀಲರು ವಾದ ಮಂಡಿಸುವ ದಿನಕ್ಕಿಂತ ಬಹಳ ಮೊದಲೇ ಬಹುಪಾಲು ನಿರ್ಧಾರವಾಗಿರುತ್ತದೆ. ಯಾವ ದಾಖಲೆ ಕೂಡಿಸಿದಿರಿ, ನ್ಯಾಯಾಲಯದ ಮುಂದೆ ಯಾವ ಪರಿಹಾರ ಕೇಳಿದಿರಿ, ಯಾರನ್ನೆಲ್ಲ ಪಕ್ಷಗಾರರನ್ನಾಗಿ ಸೇರಿಸಿದಿರಿ ಎಂಬ ಮೂರರಲ್ಲಿ ಒಂದು ತಪ್ಪಿದರೂ ನಿಜವಾದ ಹಕ್ಕಿರುವವರು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ದಾವೆ ಹೂಡುವುದಕ್ಕೆ ಮೊದಲಿನ ಕೆಲಸದ ಬಗ್ಗೆಯೇ ಇದೆ.

ವಿವರಣೆಗೆ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಮದ್ದೂರು ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ 2 ಎಕರೆ 10 ಗುಂಟೆ ಗದ್ದೆ ಇದ್ದ ಹಿಂದೂ ಕುಟುಂಬವೊಂದರ ಯಜಮಾನರು 2012ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಹೆಂಡತಿ ಮೊದಲೇ ತೀರಿಹೋಗಿದ್ದರು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಆಗುವ ಖಾತೆ) ಮಗನೊಬ್ಬನ ಹೆಸರಿಗಾಯಿತು. 2021ರಲ್ಲಿ ಆತ 20 ಗುಂಟೆಯನ್ನು ಹೊರಗಿನವರಿಗೆ ಮಾರಿದ. ಈಗ ಹೆಣ್ಣುಮಕ್ಕಳು ಏನು ಮಾಡಬೇಕು?

ಮೊದಲು ಪಾಲನ್ನು ಲೆಕ್ಕ ಹಾಕಿ

2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಿಂದ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬರುವುದರಿಂದ ತಂದೆ ಆ ದಿನ ಬದುಕಿರಬೇಕಾದ ಅಗತ್ಯವಿಲ್ಲ. ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಿಂದಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಇಂಥ ಹಕ್ಕು ಇತ್ತು. 2005ರ ನಂತರ ಮದುವೆಯಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಯೇ ಉಳಿದಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗ ಮುಗಿದಿದ್ದರೆ, ಅಥವಾ ಆಸ್ತಿ ಮಾರಾಟವಾಗಿದ್ದರೆ, ಅದನ್ನು ಈ ತಿದ್ದುಪಡಿಯ ಬಲದಿಂದ ಮತ್ತೆ ತೆರೆಯುವುದಕ್ಕೆ ಬರುವುದಿಲ್ಲ. ಬಾಯಿಮಾತಿನಲ್ಲಿ ಹಿಂದೆಯೇ ಪಾಲಾಗಿತ್ತು ಎಂಬ ವಾದವನ್ನು ಮಾತ್ರ, ಸಾರ್ವಜನಿಕ ದಾಖಲೆಗಳ ಬಲವಾದ ಬೆಂಬಲವಿಲ್ಲದಿದ್ದರೆ, ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ.

ನಮ್ಮ ಉದಾಹರಣೆಯ ಜಮೀನು ಪಿತ್ರಾರ್ಜಿತವಾಗಿದ್ದರೆ ತಂದೆ ಮತ್ತು ಮೂವರು ಮಕ್ಕಳಿಗೆ ತಲಾ ಕಾಲು ಭಾಗ. ತಂದೆಯ ಕಾಲು ಭಾಗ ಮತ್ತೆ ಮೂವರಿಗೂ ಸಮವಾಗಿ ಹಂಚಿಕೆಯಾಗುವುದರಿಂದ ಕೊನೆಗೆ ಪ್ರತಿಯೊಬ್ಬರಿಗೂ ಮೂರರಲ್ಲಿ ಒಂದು ಭಾಗ. 90 ಗುಂಟೆಯಲ್ಲಿ ತಲಾ 30 ಗುಂಟೆ. ಜಮೀನು ತಂದೆಯ ಸ್ವಯಾರ್ಜಿತವಾಗಿದ್ದರೂ ಉಯಿಲಿಲ್ಲದಿದ್ದರೆ ಲೆಕ್ಕ ಇದೇ ಬರುತ್ತದೆ. ಉಯಿಲಿದ್ದರೆ ಮಾತ್ರ ಚಿತ್ರ ಬದಲಾಗುತ್ತದೆ: ಸ್ವಯಾರ್ಜಿತವನ್ನು ತಂದೆ ಯಾರಿಗೆ ಬೇಕಾದರೂ ಬರೆದಿಡಬಹುದು, ಪಿತ್ರಾರ್ಜಿತದಲ್ಲಿ ತನ್ನ ಪಾಲಿನಷ್ಟನ್ನು ಮಾತ್ರ. ಆದ್ದರಿಂದ ಜಮೀನು ತಂದೆಗೆ ಹೇಗೆ ಬಂತು ಎಂಬುದನ್ನು ಕಾಗದದಲ್ಲಿ ಪತ್ತೆ ಮಾಡುವುದು ಅತ್ಯಂತ ಮುಖ್ಯ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಉತ್ತರಾಧಿಕಾರದ ನಿಯಮಗಳು ಬೇರೆ. ಮುಂದೆ ಹೇಳುವ ನ್ಯಾಯಾಲಯದ ಕ್ರಮ ಎಲ್ಲರಿಗೂ ಬಹುಮಟ್ಟಿಗೆ ಒಂದೇ.

ದಾಖಲೆಗಳನ್ನು ಕೂಡಿಸುವುದು

ಪಹಣಿಯಿಂದ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ಕಂದಾಯ ದಾಖಲೆಯಿಂದ, ಶುರು ಮಾಡಿ. ಭೂಮಿ ತಂತ್ರಾಂಶದ ಪಹಣಿಯನ್ನು ನಾಡಕಚೇರಿಯಲ್ಲೋ ಆನ್‌ಲೈನ್‌ನಲ್ಲೋ ಪಡೆಯಬಹುದು. ಅದನ್ನು ಕೈಯಲ್ಲಿ ಹಿಡಿದು ಕಾಲಂ ಕಾಲಂ ಓದಬೇಕು. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, ವಿಸ್ತೀರ್ಣ ಇರುತ್ತದೆ. 10ನೇ ಕಾಲಂ ಆ ಹೆಸರು ಯಾವ ರೀತಿಯಲ್ಲಿ, ಯಾವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ಸಂಖ್ಯೆಯಲ್ಲಿ ಬಂತೆಂದು ತಿಳಿಸುತ್ತದೆ. ಪೌತಿಯೋ ಕ್ರಯವೋ ದಾನವೋ ವಿಭಾಗವೋ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ. 11ನೇ ಕಾಲಂನಲ್ಲಿ ಬ್ಯಾಂಕು, ಸೊಸೈಟಿಗಳ ಸಾಲ ಮತ್ತು ಇತರರ ಹಕ್ಕುಗಳು, 12ನೇ ಕಾಲಂನಲ್ಲಿ ಸಾಗುವಳಿದಾರರು ಮತ್ತು ಬೆಳೆಯ ವಿವರ. ಅನೇಕರು 9ನೇ ಕಾಲಂ ಒಂದನ್ನೇ ನೋಡಿ ಮಡಚಿಡುತ್ತಾರೆ. ವ್ಯಾಜ್ಯದ ಬೇರು ಹೆಚ್ಚಾಗಿ 10 ಮತ್ತು 11ನೇ ಕಾಲಂಗಳಲ್ಲಿ ಇರುತ್ತದೆ.

10ನೇ ಕಾಲಂನ ಎಂ.ಆರ್. ಸಂಖ್ಯೆ ಹಿಡಿದು ಮ್ಯುಟೇಶನ್‌ನ ದೃಢೀಕೃತ ನಕಲನ್ನು ತಾಲ್ಲೂಕು ಕಚೇರಿಯಿಂದ ಪಡೆಯಿರಿ. ಅದರೊಂದಿಗೆ ಕೊಟ್ಟಿರುವ ವಂಶವೃಕ್ಷ, ಹೇಳಿಕೆ, ಸಹಿಗಳನ್ನೂ ಕೇಳಿ ಪಡೆಯಬೇಕು. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟ ವಂಶವೃಕ್ಷ ಅಲ್ಲಿ ಸಿಕ್ಕರೆ, ಅಥವಾ ತಾವು ಹಾಕದ ಸಹಿ ಕಂಡರೆ, ಅದೇ ನಿಮ್ಮ ಪ್ರಕರಣದ ಬಲವಾದ ಸಾಕ್ಷ್ಯವಾಗುತ್ತದೆ. ಗಣಕೀಕರಣಕ್ಕೆ ಹಿಂದಿನ ಕೈಬರಹದ ಪಹಣಿಗಳು, ಹಳೆಯ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಪ್ರತಿಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತವೆ. ಜಮೀನು ತಾತನ ಕಾಲದ್ದೆಂದು ಸಾಬೀತು ಮಾಡಲು ಇವೇ ಆಧಾರ.

ಮುಂದಿನದು ಋಣಭಾರ ಪ್ರಮಾಣಪತ್ರ (ಇ.ಸಿ.). ನೋಂದಾಯಿತ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಇ.ಸಿ. ಸಿಗುತ್ತದೆ. ಈಚಿನ ವರ್ಷಗಳದ್ದು ಕಾವೇರಿ ಜಾಲತಾಣದಲ್ಲಿ ಲಭ್ಯ. ಹಳೆಯದಕ್ಕೆ ಉಪ ನೋಂದಣಾಧಿಕಾರಿ ಕಚೇರಿಗೇ ಅರ್ಜಿ ಕೊಡಬೇಕು. ಅದರಲ್ಲಿ ಕಾಣುವ ಪ್ರತಿ ಕ್ರಯಪತ್ರ, ದಾನಪತ್ರ, ಹಕ್ಕು ಬಿಡುಗಡೆ ಪತ್ರದ ನಕಲನ್ನೂ ತೆಗೆಸಿ. ಸರ್ವೆ ಇಲಾಖೆಯಿಂದ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಅಳತೆಯ ಕೈನಕ್ಷೆ) ಮತ್ತು ಸರ್ವೆ ನಕ್ಷೆ. ಹಳ್ಳಿಯ ಮನೆ, ನಿವೇಶನವಿದ್ದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11. ಮೈಸೂರು ನಗರದೊಳಗಿನ ನಿವೇಶನವಾದರೆ ಹಂಚಿಕೆ ಪತ್ರ, ಕ್ರಯಪತ್ರ, ಪಾಲಿಕೆಯ ಖಾತೆ ಮತ್ತು ಕಂದಾಯ ರಸೀದಿ. ಸ್ವಾಧೀನದ ಪ್ರಶ್ನೆ ಬಂದಾಗ ನಮ್ಮ ಕಡೆ ಬಹಳ ಉಪಯೋಗಕ್ಕೆ ಬರುವ ಕಾಗದಗಳು ಬೇರೆಯೇ ಇವೆ: ಸಕ್ಕರೆ ಕಾರ್ಖಾನೆಗೆ ಕಬ್ಬು ಸರಬರಾಜು ಮಾಡಿದ ಚೀಟಿ, ಸೊಸೈಟಿಯ ಬೆಳೆ ಸಾಲದ ಪುಸ್ತಕ, ಪಂಪ್‌ಸೆಟ್‌ನ ಸಂಪರ್ಕದ ದಾಖಲೆ. ಇವನ್ನು ರದ್ದಿಯೆಂದು ಎಸೆಯಬೇಡಿ.

ಪಹಣಿಯಲ್ಲಿ ಹೆಸರಿದ್ದರೆ ಮಾಲೀಕತ್ವ ಬಂತೇ?

ಇಲ್ಲ. ಪಹಣಿ ಮತ್ತು ಖಾತೆ ಕಂದಾಯ ವಸೂಲಿಯ ಉದ್ದೇಶದ ದಾಖಲೆಗಳು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಅವುಗಳಲ್ಲಿನ ನಮೂದು, ವಿರುದ್ಧವಾದುದನ್ನು ಸಾಬೀತು ಮಾಡುವವರೆಗೆ, ನಿಜವೆಂದು ಭಾವಿಸಲ್ಪಡುತ್ತದೆ. ಆದರೆ ಹಕ್ಕು ಹುಟ್ಟುವುದು ಉತ್ತರಾಧಿಕಾರದಿಂದ, ಕ್ರಯದಿಂದ, ದಾನದಿಂದ, ಮಂಜೂರಾತಿಯಿಂದ. ಖಾತೆ ಬದಲಾವಣೆಯ ಆದೇಶ ತಪ್ಪೆನಿಸಿದರೆ ಅದೇ ಕಾಯ್ದೆಯ 136ನೇ ಕಲಂನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ ಮತ್ತು ಪಾಂಡವಪುರ, ಮೈಸೂರು ಜಿಲ್ಲೆಯಲ್ಲಿ ಮೈಸೂರು ಮತ್ತು ಹುಣಸೂರಿನಲ್ಲಿ ಉಪವಿಭಾಗದ ಕಚೇರಿಗಳಿವೆ. ಅಲ್ಲಿಂದ ಜಿಲ್ಲಾಧಿಕಾರಿಗಳಿಗೆ ಪುನರ್ ಪರಿಶೀಲನೆಯ ಅರ್ಜಿ. ಹಕ್ಕಿನ ಪ್ರಶ್ನೆಯೇ ಇದ್ದಾಗ ಮಾತ್ರ ಕಂದಾಯ ಕಚೇರಿಗಳ ನಡುವೆ ವರ್ಷಗಳನ್ನು ಕಳೆಯುವುದು ವ್ಯರ್ಥವೆಂದು ನಾನು ಖಚಿತವಾಗಿ ಹೇಳುತ್ತೇನೆ. ಹಕ್ಕನ್ನು ಅಂತಿಮವಾಗಿ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯವೇ, ಆ ತೀರ್ಪಿನ ಪ್ರಕಾರ ಖಾತೆಯನ್ನು ತಿದ್ದಬೇಕಾಗುತ್ತದೆ.

ಎಲ್ಲ ಭೂವಿವಾದವೂ ಸಿವಿಲ್ ನ್ಯಾಯಾಲಯಕ್ಕೆ ಬರುವುದಿಲ್ಲವೆಂಬುದನ್ನೂ ಗಮನಿಸಬೇಕು. ಗೇಣಿ ಹಕ್ಕಿನ ಪ್ರಶ್ನೆ ಭೂಸುಧಾರಣಾ ಕಾಯ್ದೆಗೆ ಸೇರಿದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ನಿಯಮ ಮೀರಿ ಪರಭಾರೆ ಮಾಡಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು.

ಯಾವ ಪರಿಹಾರ ಕೇಳಬೇಕು

ದಾವೆಗಳು ದಾರಿ ತಪ್ಪುವುದು ಇಲ್ಲಿಯೇ. ಕುಟುಂಬದ ಆಸ್ತಿ ಇನ್ನೂ ವಿಭಾಗವಾಗಿಲ್ಲದಿದ್ದರೆ ವಿಭಾಗ ಮತ್ತು ಪ್ರತ್ಯೇಕ ಸ್ವಾಧೀನಕ್ಕೆ ದಾವೆ ಹೂಡಬೇಕು. ನಿಮ್ಮ ಮಾಲೀಕತ್ವದ ಮೇಲೆ ಎದುರಾಳಿ ಅನುಮಾನದ ನೆರಳು ಹಾಕಿದ್ದರೆ ಹಕ್ಕು ನಿಮ್ಮದೆಂಬ ನ್ಯಾಯಾಲಯದ ಘೋಷಣೆ ಬೇಕು. ಸ್ವಾಧೀನವೂ ಕೈತಪ್ಪಿದ್ದರೆ ಘೋಷಣೆಯ ಜೊತೆಗೆ ಸ್ವಾಧೀನವನ್ನೂ ಕೇಳಲೇಬೇಕು. ಕೇಳಬಹುದಾದ ಹೆಚ್ಚಿನ ಪರಿಹಾರವನ್ನು ಬಿಟ್ಟು ಬರೀ ಘೋಷಣೆ ಕೇಳಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂ ಅಡ್ಡ ಬರುತ್ತದೆ. ಸ್ವಾಧೀನ ನಿಮ್ಮಲ್ಲಿದ್ದು, ಮಾಲೀಕತ್ವದ ಬಗ್ಗೆ ಗಂಭೀರ ತಕರಾರಿಲ್ಲದೆ, ಪಕ್ಕದವರು ಬದು ಒತ್ತುತ್ತಿದ್ದರೆ ಶಾಶ್ವತ ತಡೆಯಾಜ್ಞೆಯ ದಾವೆ ಸಾಕು. ಬರೀ ತಡೆಯಾಜ್ಞೆ ಯಾವಾಗ ಸಾಕು, ಘೋಷಣೆ ಯಾವಾಗ ಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2008ರ ಅನತುಲ ಸುಧಾಕರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ; ಕೋರ್ಟ್ ಫೀ ಉಳಿಸಲೆಂದು ಬರೀ ತಡೆಯಾಜ್ಞೆ ಕೇಳಿ ಕೊನೆಯಲ್ಲಿ ಸೋಲುವವರು ಈ ತೀರ್ಪನ್ನು ನಿರ್ಲಕ್ಷಿಸಿದವರೇ. ಬದುವಿನ ವಿವಾದದಲ್ಲಿ ದಾವೆಗೆ ಮೊದಲು ಸರ್ವೆ ಇಲಾಖೆಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸಲು) ಅರ್ಜಿ ಕೊಟ್ಟು ಅಳತೆ ಮಾಡಿಸಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಬಲವಂತದಿಂದ ಜಮೀನು ಬಿಡಿಸಿದ್ದರೆ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಡಿ, ಮಾಲೀಕತ್ವದ ಪ್ರಶ್ನೆಗೆ ಹೋಗದೆಯೇ, ಸ್ವಾಧೀನ ಮರಳಿ ಕೇಳಬಹುದು.

ನಮ್ಮ ಉದಾಹರಣೆಯ ಹೆಣ್ಣುಮಕ್ಕಳು ಕೇಳಬೇಕಾದದ್ದು: ಮೂರರಲ್ಲಿ ತಲಾ ಒಂದು ಭಾಗದ ವಿಭಾಗ ಮತ್ತು ಸ್ವಾಧೀನ, 2021ರ ಕ್ರಯಪತ್ರ ತಮ್ಮ ಪಾಲಿನ ಮಟ್ಟಿಗೆ ಬಂಧನಕಾರಿಯಲ್ಲವೆಂಬ ಘೋಷಣೆ, ಇನ್ನು ಮುಂದೆ ಪರಭಾರೆ ಮಾಡದಂತೆ ತಡೆ, ತಮ್ಮ ಪಾಲಿನ ಉತ್ಪತ್ತಿಯ ಲೆಕ್ಕ. ಆ ಕ್ರಯಪತ್ರಕ್ಕೆ ಅವರು ಸಹಿ ಹಾಕಿಲ್ಲದ ಕಾರಣ ಅದನ್ನು ರದ್ದು ಮಾಡಿ ಎಂದು ಕೇಳಬೇಕಾಗಿಲ್ಲ. ಅಣ್ಣನನ್ನೂ ಕೊಂಡವರನ್ನೂ ಪ್ರತಿವಾದಿಗಳನ್ನಾಗಿ ಮಾಡಬೇಕು. ಒಬ್ಬ ತಂಗಿ ಮಾತ್ರ ದಾವೆ ಹೂಡುವುದಾದರೆ ಇನ್ನೊಬ್ಬಳು ಪ್ರತಿವಾದಿಯಾಗಿಯಾದರೂ ಇರಲೇಬೇಕು. ಪಾಲುದಾರರಲ್ಲಿ ಒಬ್ಬರನ್ನು ಬಿಟ್ಟರೂ, ಕುಟುಂಬದ ಒಂದು ಸರ್ವೆ ನಂಬರನ್ನು ಬಿಟ್ಟರೂ ಎದುರಾಳಿ ಅದನ್ನೇ ಹಿಡಿದು ದಾವೆಯನ್ನು ಅಲುಗಾಡಿಸುತ್ತಾರೆ. ಕೊಂಡವರ ಗತಿಯೇನು ಎಂದು ಕೇಳುವವರಿದ್ದಾರೆ. ಅಂತಿಮ ಹಂಚಿಕೆಯಲ್ಲಿ ಆ 20 ಗುಂಟೆಯನ್ನು, ಸಾಧ್ಯವಾದಷ್ಟೂ, ಮಾರಿದ ಅಣ್ಣನ 30 ಗುಂಟೆಯೊಳಗೇ ಹಾಕುವಂತೆ ಅವರು ಕೋರಬಹುದು.

ಕಾಲಮಿತಿ

ಸ್ವಾಧೀನಕ್ಕೆ ಮಾಲೀಕತ್ವದ ಆಧಾರದ ಮೇಲೆ 12 ವರ್ಷ. ಘೋಷಣೆಗೆ, ಪತ್ರ ರದ್ದತಿಗೆ, ಕ್ರಯದ ಕರಾರನ್ನು ಜಾರಿಗೊಳಿಸಲು 3 ವರ್ಷ. ಕೂಡು ಕುಟುಂಬದ ಆಸ್ತಿಯಿಂದ ಹೊರಗಿಡಲ್ಪಟ್ಟವರು, ಹೊರಗಿಟ್ಟದ್ದು ತಿಳಿದ ದಿನದಿಂದ 12 ವರ್ಷದೊಳಗೆ ಪಾಲು ಕೇಳಬೇಕು. ಅಣ್ಣನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಹೊರಗಿಟ್ಟಂತೆ ಆಗುವುದಿಲ್ಲ, ಏಕೆಂದರೆ ಒಬ್ಬ ಪಾಲುದಾರನ ಸ್ವಾಧೀನವನ್ನು ಎಲ್ಲರ ಪರವಾದ ಸ್ವಾಧೀನವೆಂದೇ ಕಾನೂನು ನೋಡುತ್ತದೆ. ಆದರೆ ನಿಮಗೆ ಪಾಲಿಲ್ಲವೆಂದು ಆತ ಸ್ಪಷ್ಟವಾಗಿ ಹೇಳಿದ ದಿನದಿಂದ, ಅಥವಾ ನೋಟಿಸಿಗೆ ಹಾಗೆ ಉತ್ತರ ಕೊಟ್ಟ ದಿನದಿಂದ, ಗಡಿಯಾರ ಓಡತೊಡಗುತ್ತದೆ. ಹಬ್ಬಕ್ಕೆ ಕರೆದು ಉಡುಗೊರೆ ಕೊಟ್ಟು ಕಳಿಸುತ್ತಿದ್ದಾರೆಂಬ ಕಾರಣಕ್ಕೆ ಈ ಲೆಕ್ಕವನ್ನು ಮರೆಯಬಾರದು.

ಸಹಿ ಹಾಕುವ ಮೊದಲು

ನನಗೆ ಬಹಳ ಕಳವಳ ತರುವ ಸಂಗತಿ ಇದು. ತಂದೆಯ ತಿಥಿ ಮುಗಿಯುವುದರೊಳಗೆ ‘ಖಾತೆ ಮಾಡಿಸೋಕೆ ನಿನ್ನದೊಂದು ಸಹಿ ಬೇಕು ಕಣವ್ವ’ ಎಂದು ತಂಗಿಯನ್ನು ಉಪ ನೋಂದಣಾಧಿಕಾರಿ ಕಚೇರಿಗೆ ಕರೆದೊಯ್ಯುತ್ತಾರೆ. ಪೌತಿ ಖಾತೆಗೆ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ. ಅದು ನಾಡಕಚೇರಿ, ತಾಲ್ಲೂಕು ಕಚೇರಿಗಳ ಕೆಲಸ. ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೊ ತೆಗೆದುಕೊಳ್ಳುತ್ತಿದ್ದಾರೆಂದರೆ ಅದು ಹಕ್ಕು ಬಿಡುಗಡೆ ಪತ್ರವಿರಬಹುದು, ದಾನಪತ್ರವಿರಬಹುದು. ಪತ್ರವನ್ನು ಪೂರ್ತಿ ಓದಿಸಿಕೊಳ್ಳಿ, ಒಂದು ದಿನ ತಡವಾದರೂ ಸರಿ. ಮನಃಪೂರ್ವಕವಾಗಿ ಪಾಲು ಬಿಟ್ಟುಕೊಡುವುದು ಬೇರೆ ಮಾತು, ಅದು ಅವರವರ ಇಷ್ಟ. ಆದರೆ ಒಮ್ಮೆ ನೋಂದಣಿಯಾದ ಬಿಡುಗಡೆ ಪತ್ರವನ್ನು ಮೋಸದಿಂದ ಬರೆಸಿಕೊಂಡರೆಂದು ಸಾಬೀತು ಮಾಡುವ ಭಾರ ಸಹಿ ಹಾಕಿದವರ ಮೇಲೆಯೇ ಬೀಳುತ್ತದೆ.

ಊರಿನ ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದ ಪಾರೀಕತ್ತಿನ (ಪಾಲುಪಟ್ಟಿಯ) ವಿಷಯವೂ ಹೀಗೆಯೇ. ಹಿಂದೆ ಆಗಿಹೋದ ವಿಭಾಗವನ್ನು ನೆನಪಿಗಾಗಿ ಬರೆದಿಟ್ಟ ಪಟ್ಟಿಗೆ ನೋಂದಣಿ ಬೇಕಿಲ್ಲ. ಆ ಕಾಗದದಿಂದಲೇ ವಿಭಾಗವಾಗುವಂತಿದ್ದರೆ ನೋಂದಣಿಯೂ ಮುದ್ರಾಂಕವೂ ಬೇಕು. ಇವೆರಡರ ನಡುವಿನ ಗೆರೆ ತೆಳುವಾದದ್ದರಿಂದ, ರಾಜಿಯಾಗಿ ಪಾಲು ಮಾಡಿಕೊಳ್ಳುವವರು ನೋಂದಾಯಿತ ವಿಭಾಗ ಪತ್ರವನ್ನೇ ಮಾಡಿಸುವುದು ಉತ್ತಮ.

ದಾವೆ ಹೂಡುವುದು ಮತ್ತು ತಡೆಯಾಜ್ಞೆ

ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹೂಡಬೇಕು. ತಂಗಿ ಮೈಸೂರಿನಲ್ಲಿ ವಾಸವಿದ್ದರೂ ಗದ್ದೆ ಮದ್ದೂರಿನಲ್ಲಿದ್ದರೆ ದಾವೆ ಮದ್ದೂರಿನಲ್ಲಿ. ಸಿವಿಲ್ ನ್ಯಾಯಾಧೀಶರ ಮುಂದೆಯೋ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೋ ಎಂಬುದು ದಾವೆಯ ಮೌಲ್ಯದ ಮೇಲೆ ನಿಂತಿದೆ. ಪಾಲಿನ ದಾವೆಯಲ್ಲಿ ನೀವು ಜಂಟಿ ಸ್ವಾಧೀನದಲ್ಲಿದ್ದೀರಿ ಎಂದಾದರೆ ಕೋರ್ಟ್ ಫೀ ಅಲ್ಪ; ಸಂಪೂರ್ಣ ಹೊರಗಿಡಲ್ಪಟ್ಟಿದ್ದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕಾಗುತ್ತದೆ. ವಾದಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನ ಉಪಭಾಗ), ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಭಾಗ), ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಯನ್ನು) ಪಹಣಿಯೊಂದಿಗೆ ಹೋಲಿಸಿ ನೀವೇ ಒಮ್ಮೆ ಓದಿ. ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾದ ಡಿಕ್ರಿಯನ್ನು ಜಾರಿ ಮಾಡುವುದು ಬಹಳ ಕಷ್ಟ. ಸರ್ಕಾರವೂ ಪ್ರತಿವಾದಿಯಾಗಿದ್ದರೆ ಎರಡು ತಿಂಗಳ ಮುಂಚಿತ ನೋಟಿಸ್ ಬೇಕೆಂಬ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿ.ಪಿ.ಸಿ.) 80ನೇ ಕಲಂ ನೆನಪಿರಲಿ.

ವಾದಪತ್ರದ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಮಧ್ಯಂತರ ಅರ್ಜಿ ಸಲ್ಲಿಸಿ. ಮೇಲ್ನೋಟಕ್ಕೆ ನಿಮ್ಮ ಪ್ರಕರಣದಲ್ಲಿ ಹುರುಳಿದೆಯೇ, ಆದೇಶ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟವನ್ನು ಹಣದಿಂದ ತುಂಬಿಕೊಡಬಹುದೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಎದುರಾಳಿಗೆ ನೋಟಿಸ್ ಇಲ್ಲದೆ ಆದೇಶ ಸಿಕ್ಕಿದರೆ ಸಿ.ಪಿ.ಸಿ.ಯ 39ನೇ ಆದೇಶದ 3ನೇ ನಿಯಮದ ಪ್ರಕಾರ ಅರ್ಜಿ ಮತ್ತು ದಾಖಲೆಗಳ ಪ್ರತಿಯನ್ನು ಕೂಡಲೇ ಅವರಿಗೆ ಕಳುಹಿಸಿ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಆದೇಶದ ದೃಢೀಕೃತ ನಕಲನ್ನು ತಹಶೀಲ್ದಾರರಿಗೆ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ನಮೂದಿಸಲು ಕೋರಿ. ದಾವೆ ನಡೆಯುತ್ತಿರುವಾಗ ಮಾರಿದರೂ ಕೊಂಡವರು ತೀರ್ಪಿಗೆ ಬದ್ಧರೇ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಹಾಗೆಂದು ಹೇಳುತ್ತದೆ. ಆದರೂ ಪಹಣಿಯಲ್ಲಿ ನಮೂದಿದ್ದರೆ ಹೊಸ ಖರೀದಿದಾರರೇ ಹಿಂದೆ ಸರಿಯುತ್ತಾರೆ.

ನಿಮಗೇ ಸಮನ್ಸ್ ಬಂದರೆ

ತೆಗೆದುಕೊಳ್ಳಿ. ನಿರಾಕರಿಸಿದರೆ ಜಾರಿಯಾಯಿತೆಂದೇ ಪರಿಗಣಿಸಿ ಏಕಪಕ್ಷೀಯವಾಗಿ ಮುಂದುವರಿಯುತ್ತಾರೆ. ಪ್ರತಿವಾದ ಪತ್ರಕ್ಕೆ 30 ದಿನ, ಕಾರಣ ತೋರಿಸಿದರೆ 90 ದಿನಗಳವರೆಗೆ ಅವಕಾಶವಿದೆ. ಏಕಪಕ್ಷೀಯ ಡಿಕ್ರಿಯಾಗಿದ್ದರೆ ಅದನ್ನು ತೆರವುಗೊಳಿಸಲು 30 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಯಾರಾದರೂ ನಿಮ್ಮ ಮೇಲೆ ದಾವೆ ಹೂಡಿ ತಡೆಯಾಜ್ಞೆ ತರುವರೆಂಬ ಸುಳಿವಿದ್ದರೆ ಸಿ.ಪಿ.ಸಿ.ಯ 148ಎ ಕಲಂನಡಿ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ನರ್ಜಿ) ಹಾಕಿಡಿ; ಅದರ ಆಯುಷ್ಯ 90 ದಿನ.

ವಿಚಾರಣೆ, ರಾಜಿ, ನೆರವು

ನ್ಯಾಯಾಲಯ ವಿವಾದಾಂಶಗಳನ್ನು ರಚಿಸಿದ ಮೇಲೆ ವಾದಿಯ ಮುಖ್ಯ ವಿಚಾರಣೆ ಪ್ರಮಾಣಪತ್ರದ ರೂಪದಲ್ಲಿ ನಡೆಯುತ್ತದೆ, ನಂತರ ಪಾಟೀಸವಾಲು. ಪಾಟೀಸವಾಲಿನಲ್ಲಿ ಗೊತ್ತಿದ್ದುದನ್ನು ಗೊತ್ತೆಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಹೇಳುವ ಸಾಕ್ಷಿಗೆ ಭಯವಿಲ್ಲ. ಯಾವ ಹಂತದಲ್ಲಾದರೂ ಮಧ್ಯಸ್ಥಿಕೆಗೋ ಲೋಕ ಅದಾಲತ್ತಿಗೋ ಹೋಗಬಹುದು. ಅದಾಲತ್ತಿನ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟ್ ಫೀ ಮರಳಿ ಬರುತ್ತದೆ. ಪಾಲುದಾರರು ಮಾತನಾಡುವ ಸ್ಥಿತಿಯಲ್ಲಿದ್ದರೆ ನಾನು ಮೊದಲು ಸೂಚಿಸುವುದು ಇದೇ ದಾರಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಗೆ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ.

ಡಿಕ್ರಿಯ ನಂತರ

ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಅದು ಯಾರಿಗೆ ಎಷ್ಟು ಭಾಗವೆಂದು ಮಾತ್ರ ಹೇಳುತ್ತದೆ. ಅದರ ಮೇಲೆ ಮೇಲ್ಮನವಿ ಹೋಗುವುದಿದ್ದರೆ ಆಗಲೇ ಹೋಗಬೇಕು, ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಅಂತಿಮ ಡಿಕ್ರಿ ಬಂದ ಮೇಲೆ ಪ್ರಾಥಮಿಕ ಡಿಕ್ರಿಯ ತಪ್ಪನ್ನು ಎತ್ತಲು ಸಿ.ಪಿ.ಸಿ.ಯ 97ನೇ ಕಲಂ ಬಿಡುವುದಿಲ್ಲ. ಗೆದ್ದೆವೆಂದು ಇಲ್ಲಿಗೇ ಕೈಬಿಟ್ಟ ಕುಟುಂಬಗಳು ಬಹಳ. ಪ್ರಾಥಮಿಕ ಡಿಕ್ರಿಯಾದ ಕೂಡಲೇ ವಿಚಾರಣಾ ನ್ಯಾಯಾಲಯವೇ ಮುಂದಿನ ಹಂತಕ್ಕೆ ಪ್ರಕರಣವನ್ನು ಇಡಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶಿಸಿದೆ. ಹಾಗೆ ಆಗದಿದ್ದರೆ ಅಂತಿಮ ಡಿಕ್ರಿಗೆ ನಿಮ್ಮ ವಕೀಲರಿಂದ ಅರ್ಜಿ ಹಾಕಿಸಿ.

ಕಂದಾಯ ಕಟ್ಟುವ ಕೃಷಿ ಜಮೀನನ್ನು ಸಿ.ಪಿ.ಸಿ.ಯ 54ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಅಥವಾ ಅವರ ಅಧೀನ ಅಧಿಕಾರಿ ಅಳತೆ ಮಾಡಿಸಿ ವಿಭಾಗಿಸುತ್ತಾರೆ. ಮನೆ, ನಿವೇಶನಗಳಿಗೆ ನ್ಯಾಯಾಲಯ ಕಮಿಷನರನ್ನು ನೇಮಿಸುತ್ತದೆ. ಅಳತೆಯ ದಿನ ಗದ್ದೆಯಲ್ಲಿ ಖುದ್ದಾಗಿ ಹಾಜರಿರಿ. ನಾಲೆಯ ತೂಬು ಯಾವ ತುಂಡಿನ ಪಕ್ಕ ಬರುತ್ತದೆ, ಗಾಡಿ ದಾರಿ ಯಾರ ಭಾಗದಲ್ಲಿ ಹಾದುಹೋಗುತ್ತದೆ ಎಂಬುದನ್ನು ನೋಡಿ, ಮೂವರಿಗೂ ನೀರು ಮತ್ತು ದಾರಿ ಸಿಗುವಂತೆ ನಕ್ಷೆಯಲ್ಲೇ ತೋರಿಸಲು ಕೇಳಿ, ಆಕ್ಷೇಪಣೆಯಿದ್ದರೆ ಬರಹದಲ್ಲಿ ಸಲ್ಲಿಸಿ. ನೀರಿಲ್ಲದ 30 ಗುಂಟೆಯೂ ತೂಬಿನ ಬುಡದ 30 ಗುಂಟೆಯೂ ಒಂದೇ ಬೆಲೆಯವಲ್ಲ. ವಿಭಾಗಿಸಲು ಬಾರದ ಸಣ್ಣ ಮನೆಯಾದರೆ 1893ರ ವಿಭಾಗ ಕಾಯ್ದೆಯಡಿ ಮಾರಿ ಹಣ ಹಂಚಲು ಅವಕಾಶವಿದೆ.

ಅಂತಿಮ ಡಿಕ್ರಿಯನ್ನು ಮುದ್ರಾಂಕ ಕಾಗದದ ಮೇಲೆ ಬರೆಸಿಕೊಂಡ ಬಳಿಕ ಅಮಲ್ಜಾರಿ (ಡಿಕ್ರಿ ಜಾರಿಯ) ಅರ್ಜಿಯ ಮೂಲಕ ಸ್ವಾಧೀನ ಪಡೆಯಬೇಕು. ಇದಕ್ಕೆ 12 ವರ್ಷಗಳ ಮಿತಿಯಿದೆ. ನ್ಯಾಯಾಲಯದ ಅಮೀನರು ಸ್ವಾಧೀನ ಕೊಟ್ಟ ಮಹಜರಿನ ನಕಲು, ಡಿಕ್ರಿ ಮತ್ತು ನಕ್ಷೆಯನ್ನು ಹಿಡಿದು ತಾಲ್ಲೂಕು ಕಚೇರಿಯಲ್ಲಿ ಖಾತೆಗೆ, ಸರ್ವೆ ಇಲಾಖೆಯಲ್ಲಿ ಪೋಡಿಗೆ (ಪಾಲಾದ ಭಾಗವನ್ನು ಅಳೆದು ಪ್ರತ್ಯೇಕ ಸಂಖ್ಯೆ ಕೊಡುವುದಕ್ಕೆ) ಅರ್ಜಿ ಕೊಡಿ. ಪೋಡಿಯಾಗಿ ಹೊಸ ಹಿಸ್ಸಾ ಸಂಖ್ಯೆ ಬಂದು, 9ನೇ ಕಾಲಂನಲ್ಲಿ ನಿಮ್ಮೊಬ್ಬರದೇ ಹೆಸರೂ 30 ಗುಂಟೆಯೂ ಮುದ್ರಿತವಾದ ಪಹಣಿಯನ್ನು ಪಡೆಯುವವರೆಗೆ ಕಡತವನ್ನು ಮುಚ್ಚಬೇಡಿ.